ಎಡಗಡೆಯ ಸಾಲುಗಳು

ನಮ್ಮ ಭಾವ ಮೊಸರಿನಲ್ಲಿ ಕಲ್ಲು ಹುಡುಕುವ ಪೈಕಿ. ಹದಿನಾಲ್ಕು ವರ್ಷಗಳ ಹಿಂದೆ ಅವರು ಶುರುಮಾಡಿದ ಮೂರು ಲೈಬ್ರರಿಗಳು, ಅಂದರೆ ಕಂಪ್ಯೂಟರ್ ಕೋಡಿನ ಸಿದ್ಧ ಕಟ್ಟುಗಳು, ಇವತ್ತು ಎಷ್ಟೋ ಔಷಧಿ ಅಂಗಡಿಗಳ ಫ್ರಿಜ್ಜುಗಳನ್ನು ಕಾಯುತ್ತಿವೆ. ಒಂದು ಥರ್ಮಾಮೀಟರನ್ನು ಓದುತ್ತದೆ, ಇನ್ನೊಂದು ಓದಿದ್ದನ್ನು ಬರೆದಿಡುತ್ತದೆ, ಮೂರನೆಯದು ಒಳಗಿನ ಲಸಿಕೆ ಕೆಡುವ ಮೊದಲೇ ಕೂಗಿಕೊಳ್ಳುತ್ತದೆ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಕಳಿಸಿದವರ ಗತಿ ಮಾತ್ರ ಕೇಳಬೇಡಿ. ಭಾವ ನೋಡಿ ‘ಸರಿ’ ಅನ್ನುವಷ್ಟರಲ್ಲಿ ಹೈರಾಣಾಗಿರುತ್ತಾರೆ. ನಾದಿನಿಯೆಂದು ನನಗೇನೂ ರಿಯಾಯಿತಿ ಇರಲಿಲ್ಲ.

ಮೂರು ತಿಂಗಳ ಹಿಂದೆ ಅವರಿಗೆ ಮೆದುಳಿಗೆ ರಕ್ತ ಹೋಗುವುದು ನಿಂತು ಎಡಗೈ ಸೋತಿತು. ಮನೆಗೆ ಬಂದ ವಾರದಲ್ಲೇ ಬಲಗೈಯೊಂದರಿಂದಲೇ ಕೆಲಸಕ್ಕೆ ಕೂತರು. ಆದರೂ ಈ ಲೈಬ್ರರಿಗಳನ್ನು ನೋಡಿಕೊಳ್ಳುವ ನಮ್ಮ ಗುಂಪಿನವರಿಗೆ ಅಳುಕು. ಹೊಸ ಆವೃತ್ತಿಗೆ ಮುದ್ರೆ ಒತ್ತುವ ಡಿಜಿಟಲ್ ಕೀ ಇರುವುದು ಭಾವನ ಬಳಿ ಮಾತ್ರ, ಆ ಮುದ್ರೆಯಿಲ್ಲದೆ ಏನೂ ಬಿಡುಗಡೆಯಾಗುವುದಿಲ್ಲ. ಈ ಸಲದ ಬಿಡುಗಡೆ ಅವರ ಕೈಯಲ್ಲಿ ಸರಾಗವಾಗಿ ಆದರೆ ಕೀ ಅವರ ಬಳಿಯೇ ಇರಲಿ, ಎಡವಿದರೆ ನನಗೆ ಬರಲಿ ಅಂತ ತೀರ್ಮಾನವಾಯಿತು. ಭಾವ ಒಪ್ಪಿಕೊಂಡರು. ಒಪ್ಪಿದ ಮೇಲೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ ಅಂತ ಅಕ್ಕ ಹೇಳಿದಳು.

"ಆ ಕೀ ಒಂದು ಹೋದ್ರೆ ಇವರು ಎದ್ದು ಕೂರೋದೂ ಬಿಟ್ಬಿಡ್ತಾರೆ ಕಣೇ," ಅಂದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಅವರ ಕೋಣೆಯಲ್ಲಿ ಕೂತೆವು. ಬಿಡುಗಡೆಗೆ ನಮ್ಮಲ್ಲಿ ಒಂದು ಕಟ್ಟಳೆ ಇದೆ, ಅದೂ ಭಾವನದೇ: ಒಬ್ಬರು ಹಂತಗಳ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮಾಡಬೇಕು. ಓದುವವರು ಕೀಬೋರ್ಡ್ ಮುಟ್ಟುವಂತಿಲ್ಲ. ನನ್ನಂಥ ಅವಸರದವಳಿಗೆ ಇದಕ್ಕಿಂತ ಶಿಕ್ಷೆ ಬೇಡ. ಭಾವನ ಒಂದೇ ಕೈ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರೆ ನಾನು ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಹನ್ನೊಂದು ಹಂತ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿದವು. ಹನ್ನೆರಡನೆಯದು ಕೊನೆಯದು. ಪರದೆಯ ಮೇಲೆ ಒಂದೇ ಸಾಲಿನಲ್ಲಿ ಮೂರು ಲೈಬ್ರರಿಗಳ ಹೆಸರು, ಪ್ರತಿಯೊಂದರ ಪಕ್ಕ ಒಂದು ಚೌಕ.

"ಮೂರಕ್ಕೂ ಗುರುತು ಹಾಕಿ ಪ್ರಕಟಿಸಿ," ಅಂತ ಓದಿದೆ.

ಭಾವ ಎರಡಕ್ಕೆ ಹಾಕಿದರು.

"ಮೂರಕ್ಕೂ," ಅಂದೆ.

"ಹಾಕಿದೀನಲ್ಲ."

"ಇನ್ನೊಂದ್ಸಲ ನೋಡಿ ಭಾವ."

"ಎಷ್ಟು ಸಲ ನೋಡ್ಲಿ? ಇರೋದಕ್ಕೆಲ್ಲ ಹಾಕಿದೀನಿ," ಅಂತ ಬೆರಳನ್ನು ಎಂಟರ್ ಕಡೆಗೆ ಒಯ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಪ್ರಕಟವಾದ ಆವೃತ್ತಿಯೂ ಹಾಗೆಯೇ, ಹಿಂದಕ್ಕೆ ಬರುವುದಿಲ್ಲ. ಮೊದಲನೆಯದಿಲ್ಲದೆ ಉಳಿದೆರಡು ಹೊರಟರೆ ಅವನ್ನು ನೆಚ್ಚಿದವರ ಕೆಲಸವೆಲ್ಲ ನಿಂತುಬಿಡುತ್ತಿತ್ತು. ನಾನು ಕೀಬೋರ್ಡನ್ನೇ ಕಿತ್ತುಕೊಂಡೆ.

ಭಾವ ನನ್ನ ಮುಖ ನೋಡಿದರು. "ಮುಟ್ಟಿಬಿಟ್ಯಲ್ಲ," ಅಂದರು. "ಆಯ್ತು. ಕೀ ನಿಂದು."

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಮೇಲೆ ರೇಗಿದಳು. "ಒಂದು ಗುರುತು ತಾನೇ? ನೀನೇ ಹಾಕಿ ಸುಮ್ನಿರೋದಕ್ಕೆ ಏನಾಗಿತ್ತು?"

ನನಗೆ ಬೇರೆಯೇ ಅನುಮಾನ. ಪಟ್ಟಿಯ ಹಾಳೆಯನ್ನು ಭಾವನ ಎದುರು ಹಿಡಿದು ಮೇಲಿನ ಸಾಲು ಓದಿ ಅಂದೆ. ಸಾಲಿನ ಮೊದಲರ್ಧ ಬಿಟ್ಟು ನಡುವಿನಿಂದ ಓದಿದರು. ಅದೇ ಹಾಳೆಯನ್ನು ಅವರ ಬಲಗಡೆಗೆ ಸರಿಸಿದೆ. ಪೂರ್ತಿ ಓದಿದರು. ಓದಿ ಮುಗಿಸುವಾಗ ಅವರ ದನಿ ಇಳಿದಿತ್ತು.

"ಊಟದಲ್ಲೂ ತಟ್ಟೆ ಅರ್ಧ ಹಾಗೇ ಬಿಡ್ತಾರೆ," ಅಂದಳು ಅಕ್ಕ. "ರುಚಿ ಸೇರ್ತಿಲ್ಲ ಅಂದ್ಕೊಂಡಿದ್ದೆ. ಕಣ್ಣಿನ ಡಾಕ್ಟರು ಕಣ್ಣು ಸರಿ ಇದೆ ಅಂದ್ರಲ್ಲ?"

ಕಣ್ಣು ಸರಿಯೇ ಇತ್ತು. ಮೆದುಳಿಗೆ ಬಿದ್ದ ಆ ಪೆಟ್ಟಿನಿಂದ ಎಡಗಡೆ ಅನ್ನುವುದೊಂದು ಇದೆಯೆಂಬುದನ್ನೇ ತಲೆ ಮರೆತಿತ್ತು. ನಾಳೆಯೇ ಆಸ್ಪತ್ರೆಗೆ ಹೋಗುವುದೆಂದು ಅಕ್ಕ ಅಲ್ಲೇ ಫೋನ್ ಹಚ್ಚಿದಳು. ಭಾವ ಮಾತ್ರ ಇನ್ನೇನೋ ಲೆಕ್ಕ ಹಾಕುತ್ತಿದ್ದರು.

"ಮನೆಗೆ ಬಂದ್ಮೇಲೆ ಎಷ್ಟು ತಿದ್ದುಪಡಿಗೆ ಸರಿ ಅಂದಿದೀನಿ?"

ತೆಗೆದು ನೋಡಿದೆ. "ಹನ್ನೊಂದು. ಎಲ್ಲಾ ಈ ಬಿಡುಗಡೆಯಲ್ಲೇ ಇವೆ."

ತಿದ್ದುಪಡಿ ನೋಡುವಾಗ ಪರದೆ ಎರಡು ಭಾಗವಾಗಿರುತ್ತದೆ. ಬಲಗಡೆ ಹೊಸ ಸಾಲುಗಳು, ಎಡಗಡೆ ಹಳೆಯವು. ಯಾರು ಏನನ್ನು ಅಳಿಸಿದ್ದಾರೆ ಎಂಬುದು ತಿಳಿಯುವುದು ಎಡಗಡೆಯಲ್ಲಿ. ಸೇರಿಸಿದ್ದನ್ನೆಲ್ಲ ಭಾವ ನೋಡಿದ್ದರು. ತೆಗೆದದ್ದನ್ನು ಒಂದನ್ನೂ ನೋಡಿರಲಿಲ್ಲ.

"ಬಿಡುಗಡೆ ನಿಲ್ಸು," ಅಂದರು. "ನನ್ನ ಹನ್ನೊಂದೂ ಒಪ್ಪಿಗೆ ವಾಪಸ್ ತಗೋ. ಕೀ ಆಮೇಲೆ. ಈಗ ಒಂದೊಂದೇ ತೆಗಿ, ಎಡಗಡೆದು ನೀನು ಓದು."

ಮೊದಲನೆಯದು ನನ್ನದೇ. ಥರ್ಮಾಮೀಟರಿನ ವೈರು ಕಳಚಿದರೆ ಕೂಗಬೇಕೆಂಬ ಆರು ಸಾಲನ್ನು, ಬೇರೆ ಕಡೆಯೂ ಇರಬೇಕು ಅಂದುಕೊಂಡು ನಾನು ಅಳಿಸಿದ್ದೆ. ಓದುತ್ತಾ ಓದುತ್ತಾ ಹುಡುಕಿದೆ. ಬೇರೆಲ್ಲೂ ಇರಲಿಲ್ಲ. ಇದು ಹೊರಗೆ ಹೋಗಿದ್ದರೆ, ವೈರು ಬಿಚ್ಚಿಹೋದ ಫ್ರಿಜ್ಜು ಹಳೆಯ ಅಂಕಿಯನ್ನೇ ತೋರಿಸುತ್ತಾ ತಣ್ಣಗಿದ್ದೇನೆ ಅನ್ನುತ್ತಿತ್ತು.

"ಇದಕ್ಕೆ ನೀವು ಒಂದು ಮಾತೂ ಆಡದೆ ಸರಿ ಅಂದಿದ್ರಿ ಭಾವ," ಅಂದೆ. "ಮೊದಲನೇ ಸಲ. ನಾನು ಉಬ್ಬಿಹೋಗಿದ್ದೆ. ಕೊನೆಗೂ ನನ್ನ ಕೆಲಸ ಮೆಚ್ಚಿದ್ರು ಅಂತ ಅವತ್ತು ರಾತ್ರಿ ಅಮ್ಮಂಗೆ ಫೋನ್ ಮಾಡಿ ಹೇಳಿದ್ದೆ."

ಭಾವ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು.

"ಹದಿನಾಲ್ಕು ವರ್ಷದಲ್ಲಿ ನಾನು ಯಾರಿಗಾದ್ರೂ ಬೈಯದೆ ಸರಿ ಅಂದಿದ್ದುಂಟಾ? ಡಾಕ್ಟರಿಗೆ ಗೊತ್ತಾಗ್ಲಿಲ್ಲ, ನಿಮ್ಮಕ್ಕಂಗೆ ಗೊತ್ತಾಗ್ಲಿಲ್ಲ, ಬಿಡು. ಹನ್ನೊಂದು ಸಲ ನಾನು ಸುಮ್ನಿದ್ದಾಗ, ಇವರಿಗೇನೋ ಆಗಿದೆ ಅಂತ ನಿಂಗಾದ್ರೂ ಅನ್ನಿಸ್ಬೇಡ್ವಾ?"

ಕಣ್ಣು ಒರೆಸಿಕೊಂಡು ಎರಡನೆಯದನ್ನು ತೆಗೆದೆ.