ಮೊದಲ ಪೂರ್ಣ ಪ್ರತಿ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಆ ಗ್ರಂಥಾಲಯದಲ್ಲಿ ಅಕ್ಕ ತಂಗಿ ಇಬ್ಬರಿಗೂ ಕೆಲಸವಿತ್ತು. ತಂಗಿ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಓದುತ್ತಿದ್ದಳು. ಅಕ್ಕ ಹಿಂದಿನ ಕೋಣೆಯಲ್ಲಿ, ಗುಂಯ್‌ಗುಡುವ ಸರ್ವರಿನ ಪಕ್ಕ ಶಾಲು ಹೊದ್ದು ಕೂತು, ತಂಗಿ ಓದಿದ್ದು ಕಳೆದುಹೋಗದಂತೆ ಕಾಯುತ್ತಿದ್ದಳು. ಬರುವ ಹೊಗಳಿಕೆಯೆಲ್ಲ ಗಾಜಿನ ಕೋಣೆಗೆ, ಎಸಿಯ ಥಂಡಿಯೆಲ್ಲ ಹಿಂದಿನ ಕೋಣೆಗೆ.

ಕೇಳುಗರು ದಿನವೂ ಫೋನ್ ಮಾಡುತ್ತಿದ್ದರು. "ಎಂಥ ಓದು ತಾಯಿ, ಅಳು ಬಂದ್ಬಿಡ್ತು" ಎನ್ನುವವರು, "ನಡುವೆ ಒಂಚೂರು ನಿಲ್ಲಿಸ್ತೀರಲ್ಲ, ಅದೇ ಸೊಗಸು" ಎನ್ನುವವರು. ಕಚೇರಿಯವರು ತಂಗಿಗೆ ಕೋಗಿಲೆ ಎಂದು ಹೆಸರಿಟ್ಟಿದ್ದರು. ಕೋಗಿಲೆ ತನಗೊಂದು ಗೂಡನ್ನೂ ಕಟ್ಟಿಕೊಳ್ಳುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅಕ್ಕನಿಗೆ ಮೊದಲ ದಿನವೇ ಹೊಳೆದಿತ್ತು.

ಅಕ್ಕನಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ. ನಿನ್ನೆ ಮೊನ್ನೆಯದೂ ಅಲ್ಲ, ಹನ್ನೊಂದು ವರ್ಷ ಸಣ್ಣ ಉರಿಯಲ್ಲಿ ಕುದಿದದ್ದು. ಏಕೆಂದರೆ ಆ ಗಾಜಿನ ಕೋಣೆಯಲ್ಲಿ ಮೊದಲು ಕೂತವಳು ಅವಳೇ. ದೀಪಸ್ತಂಭ ಕಾಯುವವನೊಬ್ಬನ ನೆನಪುಗಳ ಪುಸ್ತಕ, ಹನ್ನೆರಡು ಅಧ್ಯಾಯ. ಗ್ರಂಥಾಲಯದ ಮೊಟ್ಟಮೊದಲ ಧ್ವನಿಪುಸ್ತಕ ಅಕ್ಕನ ದನಿಯಲ್ಲಿತ್ತು, ಒಂದೇ ವಾರ. ಅಕ್ಕ ಮರೆತು ಬಂದ ಊಟದ ಡಬ್ಬಿ ಕೊಡಲು ಬಂದ ತಂಗಿ ತಮಾಷೆಗೆ ಮೈಕಿನ ಮುಂದೆ ನಾಲ್ಕು ಸಾಲು ಓದಿದಳು. ಗ್ರಂಥಾಲಯದ ಮೇಡಂ ಕಿವಿ ನಿಮಿರಿಸಿದರು. ಅದೇ ಪುಸ್ತಕವನ್ನು ತಂಗಿಯಿಂದ ಮತ್ತೆ ಓದಿಸಿ, ಹಳೆಯದನ್ನು ಅಳಿಸಿ ಹಾಕಿಸಿದರು. ಏಕೆ ಎಂದು ಅಕ್ಕ ಕೇಳಲಿಲ್ಲ, ಅವರೂ ಹೇಳಲಿಲ್ಲ. "ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ" ಎಂದು ಹಿಂದಿನ ಕೋಣೆಯ ಬೀಗದ ಕೈ ಕೊಟ್ಟರು.

ಆದರೆ ಅಳಿಸಿದ್ದು ಡಿಸ್ಕಿನಿಂದ ಮಾತ್ರ. ಗಾಜಿನ ಕೋಣೆಯಲ್ಲಿದ್ದ ವಾರದಿಂದಲೇ ಪ್ರತಿ ಸೋಮವಾರ ಅಕ್ಕ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದಳು, ಅಂದರೆ ಆ ಗಳಿಗೆಗೆ ಅದು ಇದ್ದಂತೆಯೇ ಒಂದು ಪಡಿಯಚ್ಚು. ಅದನ್ನು ಕಟ್ಟುಕಟ್ಟಿ ದೂರದ ಆಬ್ಜೆಕ್ಟ್ ಸ್ಟೋರೇಜಿನಲ್ಲಿದ್ದ, ಅಂದರೆ ಇಂಟರ್ನೆಟ್ಟಿನ ಬಾಡಿಗೆ ಉಗ್ರಾಣದಲ್ಲಿದ್ದ, ತಮ್ಮ ಪಾಲಿನ ಬಕೆಟ್ಟಿಗೆ ಕಳಿಸುತ್ತಿದ್ದಳು. ಮೊದಲ ಸೋಮವಾರದ್ದು ಪೂರ್ಣ ಪ್ರತಿ. ಆಮೇಲಿನವುಗಳಲ್ಲಿ ಹಿಂದಿನ ವಾರಕ್ಕಿಂತ ಬದಲಾದಷ್ಟು ಮಾತ್ರ. ಮೊದಲನೆಯದು ಹೋದರೆ ಮೇಲಿನ ಯಾವುದೂ ತೆರೆದುಕೊಳ್ಳುವುದಿಲ್ಲ. ಆ ಮೊದಲ ಪ್ರತಿಯಲ್ಲಿ ಇದ್ದದ್ದು ಒಂದೇ ಪುಸ್ತಕ, ಅಕ್ಕ ಓದಿದ್ದು.

ವರ್ಷಕ್ಕೊಮ್ಮೆಯಾದರೂ ಹೊಸ ಪೂರ್ಣ ಪ್ರತಿ ತೆಗೆಯಬೇಕೆಂದು ಈ ಕೆಲಸ ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ಅಕ್ಕನಿಗೂ ಗೊತ್ತಿತ್ತು. ತೆಗೆಯಲಿಲ್ಲ. ಕೋಗಿಲೆಯ ಮುನ್ನೂರು ಪುಸ್ತಕಗಳು ತನ್ನದೊಂದರ ಹೆಗಲ ಮೇಲೆ ನಿಂತಿವೆ ಎಂಬ ಸುಖವನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ಅವಳದಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಡಿಸ್ಕ್ ಕೈಕೊಟ್ಟಿತು. ಕಚೇರಿಯೆಲ್ಲ ತಲೆಯ ಮೇಲೆ ಕೈಹೊತ್ತು ಕೂತಾಗ ಅಕ್ಕನಿಗೆ ಒಳಗೊಳಗೇ ಹಿಗ್ಗು. ಹೊಸ ಡಿಸ್ಕ್ ಜೋಡಿಸಿ, ಬಕೆಟ್ಟಿನಿಂದ ಎಲ್ಲವನ್ನೂ ವಾಪಸು ತರುವ ಕಮಾಂಡುಗಳನ್ನು ಹಾಳೆಯಲ್ಲಿ ಬರೆದುಕೊಂಡಳು. ಅಲ್ಲಿ ಒಂದು ಕಟ್ಟಳೆಯಿತ್ತು. ಹೀಗೆ ವಾಪಸು ತರುವಾಗ, ಅಂದರೆ ರಿಸ್ಟೋರ್ ಮಾಡುವಾಗ, ಒಬ್ಬರು ಕಮಾಂಡನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು, ಇಬ್ಬರೂ "ಸರಿ" ಎಂದ ಮೇಲೆಯೇ ಎಂಟರ್ ಒತ್ತಬೇಕು. ಎಂದೋ ಒಮ್ಮೆ ತಪ್ಪು ಫೋಲ್ಡರಿನ ಮೇಲೆ ಬರೆದು ಒಂದು ತಿಂಗಳ ಕೆಲಸ ಮಣ್ಣುಪಾಲಾದ ಮೇಲೆ ಮಾಡಿಕೊಂಡ ಕಟ್ಟಳೆ. ಓದಬೇಕಾಗಿದ್ದ ಸಹಾಯಕನಿಗೆ ಅಂದು ಜ್ವರ. ಸರ್ವರ್ ಇಲ್ಲದೆ ಕೈಕಟ್ಟಿ ಕೂತಿದ್ದವಳು ತಂಗಿ.

"ಕೊಡಕ್ಕ, ನಾನು ಓದ್ತೀನಿ" ಎಂದಳು.

ಓದಿದಳು. ಬಕೆಟ್ಟಿನ ವಿಳಾಸ, ಅಡ್ಡಗೀಟು, ಚುಕ್ಕೆ, ತಾರೀಖು. ಎಲ್ಲವೂ ಮುಂದೇನಾಯಿತೋ ಎಂದು ಕೇಳುವ ಹಾಗಿತ್ತು. ಬಾಗಿಲ ಬಳಿ ಮೇಡಂ ಬಂದು ನಿಂತು, "ಇದನ್ನೂ ರೆಕಾರ್ಡ್ ಮಾಡ್ಬಹುದಿತ್ತು ನೋಡಿ" ಎಂದು ನಕ್ಕರು. ಕಮಾಂಡ್ ಬರೆದವಳು ತಾನು, ಚಪ್ಪಾಳೆ ಅವಳಿಗೆ. ಅಕ್ಕ ಕೀಲಿಮಣೆಯನ್ನು ಕುಟ್ಟಿದಳು.

ಹನ್ನೊಂದು ವರ್ಷದ ಸರಪಳಿ ಬಿಚ್ಚಿಕೊಳ್ಳಲು ಒಂದು ದಿನಕ್ಕೂ ಹೆಚ್ಚು ಬೇಕಾಯಿತು. ಬುಧವಾರ ಮಧ್ಯಾಹ್ನ ಎಲ್ಲ ಪುಸ್ತಕಗಳೂ ಮರಳಿ ಬಂದಿದ್ದವು. ಆಗ ಅಕ್ಕ ಹಾಳೆಯ ಕೊನೆಗೆ ಇನ್ನೊಂದು ಸಾಲು ಸೇರಿಸಿದಳು. ದೀಪಸ್ತಂಭದ ಫೋಲ್ಡರನ್ನು ಮಾತ್ರ ಮೊದಲ ಪೂರ್ಣ ಪ್ರತಿಯಿಂದ ತೆಗೆದು, ಇದ್ದುದರ ಮೇಲೆಯೇ ಬರೆ ಎಂಬ ಸಾಲು. ತಂಗಿ ಓದಿದ್ದು ಬಕೆಟ್ಟಿನಲ್ಲಿ ಭದ್ರವಾಗಿಯೇ ಇರುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಒಮ್ಮೆ ಯಾರಾದರೂ ತನ್ನನ್ನು ಕೇಳಬೇಕು, ಅಷ್ಟೇ. ಅಷ್ಟಕ್ಕಾಗಿ ಕೆಲಸವನ್ನೇ ಪಣಕ್ಕಿಟ್ಟಿದ್ದಳು.

ತಂಗಿ ಗಟ್ಟಿಯಾಗಿ ಓದುತ್ತಾ ಆ ಸಾಲಿನ ತಾರೀಖಿಗೆ ಬಂದು ತಡೆದಳು. ಅಕ್ಕ ಎಂಟರ್ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡಳು.

"ಸರಿ" ಎಂದಳು ತಂಗಿ.

ಗುರುವಾರ ಯಾರೂ ಫೋನ್ ಮಾಡಲಿಲ್ಲ. ಶುಕ್ರವಾರವೂ ಇಲ್ಲ. ಫೋನ್ ಗಂಟೆ ಬಾರಿಸಿದಾಗಲೆಲ್ಲ ಅಕ್ಕ ಹೊರಗಿನ ಕೋಣೆಗೆ ನೀರು ಕುಡಿಯಲು ಹೋಗುತ್ತಿದ್ದಳು. ಆ ಎರಡು ದಿನ ಅವಳು ಕುಡಿದಷ್ಟು ನೀರು ಇಡೀ ಕಚೇರಿ ಕುಡಿದಿರಲಾರದು. ಶನಿವಾರ ಒಬ್ಬ ಹಳೆಯ ಕೇಳುಗರ ಕರೆ ಬಂತು, ಮೇಡಂ ಸ್ಪೀಕರಿನಲ್ಲಿ ಹಾಕಿದರು.

"ದೀಪಸ್ತಂಭದ ಪುಸ್ತಕ ಹಾಕ್ದೆ ಮೇಡಂ. ಧ್ವನಿ ಯಾಕೋ ಬೇರೆ ಥರ ಇದೆ. ನಮ್ಗೆ ಓದೋ ಆ ತಾಯಿಗೆ ಗಂಟಲು ಹುಷಾರಿಲ್ವಾ? ಪಾಪ, ರೆಸ್ಟ್ ಕೊಡಿ ಅವ್ರಿಗೆ."

ಅಕ್ಕನ ಮುಖ ಇಷ್ಟಾಯಿತು. ಮೇಡಂ ಅವಳತ್ತ ತಿರುಗಿದರು. "ರಿಸ್ಟೋರಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ. ನೋಡಿ, ಏನಾಯ್ತು ಅಂತ ಬರೆದು ಕೊಡಿ."

ಬರೆಯುವ ಮೊದಲು ತನ್ನ ಗುಟ್ಟು ಎಲ್ಲಾದರೂ ದಾಖಲಾಗಿದೆಯೇ ಎಂದು ಅಕ್ಕ ಬಕೆಟ್ಟಿನ ಲಾಗ್ ತೆರೆದಳು. ಯಾರ ಕೀಲಿಯಿಂದ, ಅಂದರೆ ಯಾರ ಗುಪ್ತಪದದಿಂದ, ಯಾವಾಗ ಯಾವುದನ್ನು ತೆಗೆದರು ಎಂಬುದೆಲ್ಲ ಅಲ್ಲಿರುತ್ತದೆ. ಮೊದಲ ಪೂರ್ಣ ಪ್ರತಿಯನ್ನು ಹುಡುಕಿದಾಗ ಅವಳ ಬುಧವಾರದ ಕೈವಾಡ ಸಿಕ್ಕಿತು. ಅದರ ಹಿಂದೆ ಇನ್ನೂ ನಲವತ್ತೊಂದು ಸಾಲುಗಳಿದ್ದವು. ಒಂದೂ ಅವಳದಲ್ಲ. ತಿದ್ದುಪಡಿಗೆ ಹಳೆಯ ಮುದ್ರಣ ತೆಗೆದುಕೊಳ್ಳಲೆಂದು ಓದುವವರಿಗೆ ಕೊಟ್ಟ ಕೀಲಿಯೊಂದರಿಂದ, ತಂಗಿಯ ಕೀಲಿಯಿಂದ, ನಲವತ್ತೊಂದು ಸಲ ಅದನ್ನು ಇಳಿಸಿಕೊಳ್ಳಲಾಗಿತ್ತು. ಧ್ವನಿಮುದ್ರಣದ ವೇಳಾಪಟ್ಟಿ ತಂದು ಹೋಲಿಸಿ ನೋಡಿದಳು. ದಪ್ಪ ಪುಸ್ತಕವೊಂದು ಶುರುವಾಗುವ ಹಿಂದಿನ ದಿನ, ಪ್ರತಿ ಸಲವೂ.

ಅಕ್ಕ ತಂಗಿಯ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆತಂದಳು. "ಏನೇ ಇದು?"

ತಂಗಿ ಪರದೆ ನೋಡಿದಳು. "ಸಿಕ್ಕಿಬಿದ್ದೆ."

"ನಿಂಗೆ ಕಮಾಂಡು ಯಾರು ಹೇಳ್ಕೊಟ್ರು?"

"ಗೋಡೆ ಮೇಲೆ ಅಂಟಿಸಿದೀಯಲ್ಲಕ್ಕ, ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ."

"ಕದ್ದು ನನ್ನ ಓದು ಕೇಳ್ತಿದ್ದೆ?"

"ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಬರ್ತಿರ್ಲಿಲ್ಲ. ನಿನ್ನ ಮೊದಲ ಮೂರು ಅಧ್ಯಾಯ ಕೇಳಿದ್ರೆ ಬರುತ್ತೆ."

ಅಕ್ಕನ ಮೈಯೆಲ್ಲ ಉರಿಯಿತು. ಆ ಫೋನುಗಳಲ್ಲಿ ಅರ್ಧವಾದರೂ ತನಗೆ ಬರಬೇಕಾಗಿದ್ದವು! ಇಷ್ಟು ವರ್ಷ ತನ್ನದೇ ಸೊತ್ತನ್ನು ಕಂಡು ಕರುಬಿದಳೇ? ಕಳ್ಳಿ ಎನ್ನಬೇಕೆಂದು ಬಾಯಿ ತೆರೆದವಳಿಗೆ ಇನ್ನೊಂದು ನೆನಪಾಯಿತು.

"ಬುಧವಾರ ಆ ತಾರೀಖು ಓದ್ದಾಗ್ಲೇ ಗೊತ್ತಾಯ್ತಾ ನಿಂಗೆ?"

"ಬಾಯಿಪಾಠ ಆಗಿದೆ ಅದು."

"ಮತ್ತೆ ಯಾಕೆ ಸುಮ್ನಿದ್ದೆ?"

"ನಿಂಗೆ ಬೇಕಿತ್ತಲ್ಲ" ಎಂದಳು ತಂಗಿ.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದು. ಹನ್ನೊಂದು ವರ್ಷಕ್ಕೊಮ್ಮೆ ಕದ್ದು ಗೆದ್ದ ಗೆಲುವನ್ನೂ ಇವಳೇ ದಯಪಾಲಿಸಿದ್ದಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ಸೇಡಿಗೆಂಬಂತೆ ಕೇಳಿದಳು: "ಮೂರೇ ಯಾಕೆ? ನಾನು ಓದಿದ್ದು ಹನ್ನೆರಡು."

ತಂಗಿ ಶಾಲಿನ ತುದಿ ಹಿಡಿದು ಎಳೆದಾಡಿದಳು. "ಬೇಜಾರ್ ಮಾಡ್ಕೊಳ್ತೀಯ."

"ಬೊಗಳು."

"ನಾಲ್ಕನೇದ್ರಿಂದ ನೀನು ಕೇಳೋರನ್ನ ಬಿಟ್ಟುಬಿಟ್ಟೆ ಅಕ್ಕ. ನಿನ್ನ ಧ್ವನಿ ನೀನೇ ಕೇಳಿಸ್ಕೊಳ್ತಾ ಓದಿದೀಯ. ಅವನು ದೀಪ ಹಚ್ಚೋಕೆ ಮೆಟ್ಟಿಲು ಹತ್ತುತ್ತಾನಲ್ಲ, ಅಲ್ಲಿ ಮೆಟ್ಟಿಲೇ ಕಾಣ್ಸಲ್ಲ. ನೀನು ಕಾಣ್ತೀಯ."

ಕೆನ್ನೆಗೆ ಬಾರಿಸಬೇಕೆನ್ನಿಸಿತು ಅಕ್ಕನಿಗೆ. ಸುಳ್ಳಾಗಿದ್ದರೆ ಬಾರಿಸಿಯೇ ಬಿಡುತ್ತಿದ್ದಳು. ಮೇಡಂ ಹೇಳಿರಲಿಲ್ಲ, ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಎಲ್ಲರೂ "ನಿನ್ನ ಧ್ವನಿಯೂ ಚೆನ್ನಾಗಿಯೇ ಇದೆ" ಎಂದು ಬೆನ್ನು ತಟ್ಟಿ ಮುಂದೆ ಹೋಗಿದ್ದರು. ಹೇಳುವಷ್ಟು ಸಲ ಕೇಳಿದವಳು ಇವಳೊಬ್ಬಳೇ.

ತಂಗಿ ಎದ್ದಳು. "ಮೇಡಂಗೆ ನಾನೇ ಹೇಳ್ತೀನಿ, ನಾನು ಓದೋವಾಗ ತಾರೀಖು ತಪ್ಪಿತು ಅಂತ."

"ನಿನ್ನ ಉಪಕಾರ ಸಾಕು. ನಾನು ಮಾಡಿದ್ದು ನಾನು ಬರೀತೀನಿ" ಎಂದಳು ಅಕ್ಕ. "ಕೂತ್ಕೋ."

ಹೊಟ್ಟೆಕಿಚ್ಚು ಒಂದು ಕಡ್ಡಿಯಷ್ಟೂ ಆರಿರಲಿಲ್ಲ. ಅಕ್ಕ ಇನ್ನೊಂದು ಕುರ್ಚಿಯನ್ನು ಸರ್ವರಿನ ಬಳಿಗೆ ಎಳೆದು, ತನ್ನ ನಾಲ್ಕನೇ ಅಧ್ಯಾಯವನ್ನು ಹಾಕಿದಳು.

"ಯಾವ ಸಾಲಿಂದ ಕೆಟ್ಟಿತು, ತೋರ್ಸು" ಎಂದಳು.