ಮುಚ್ಚುವ ಹೊತ್ತು

"ಬೆಳಗ್ಗೆಯಿಂದ ಹೀಗೇ ಹಟ ಮಾಡ್ತಿದೆ. ನೀನೇ ಬರೆದಿದ್ದಲ್ವಾ, ನೀನೇ ಎಬ್ಬಿಸು," ಎಂದರು ಭಾವ, ಕುರ್ಚಿಯ ಬೆನ್ನು ಬಿಡದೆ.

ತಂಗಿ ತಿರುಗಿಯೂ ನೋಡಲಿಲ್ಲ. ಅಕ್ಕ-ಭಾವನ ರಕ್ತಪರೀಕ್ಷೆಯ ಲ್ಯಾಬಿನ ಒಳಕೋಣೆಯಲ್ಲಿ, ಫ್ರಿಜ್ಜಿನ ಪಕ್ಕಕ್ಕೆ ಒತ್ತರಿಸಿಟ್ಟಿದ್ದ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು, ತನ್ನ ಪ್ರೋಗ್ರಾಮನ್ನು ಇನ್ನೊಮ್ಮೆ ಶುರುಮಾಡಿದಳು. ಪರೀಕ್ಷಾಯಂತ್ರಗಳಿಂದ ಅಂಕಿ ತೆಗೆದು ರಿಪೋರ್ಟು ಮಾಡಿಕೊಡುವುದು ಅದರ ಕೆಲಸ. ಈಗ ಅದು ಮಾಡುತ್ತಿದ್ದದ್ದು ಒಂದೇ ಜಪ: ನಾನು ಆಗಲೇ ಓಡುತ್ತಿದ್ದೇನೆ, ಇನ್ನೊಬ್ಬರು ಏಳುವ ಹಾಗಿಲ್ಲ. ನಿಜಕ್ಕೂ ಒಳಗೆ ಒಂದು ನೊಣವೂ ಓಡುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ರಿಪೋರ್ಟಿಗೆ ಕಾದು ಕೂತವರ ಗೊಣಗಾಟ ಏರುತ್ತಿತ್ತು.

ಎರಡು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ಒಬ್ಬ ಅಜ್ಜಿಯ ರಿಪೋರ್ಟಿಗೆ ಇನ್ಯಾರದೋ ಸಕ್ಕರೆಯ ಅಂಕಿ ಸೇರಿಕೊಂಡಿತ್ತು. ಅದನ್ನು ನಂಬಿ ಕೊಟ್ಟ ಮಾತ್ರೆ ನುಂಗಿ ಅಜ್ಜಿ ಪ್ರಜ್ಞೆ ತಪ್ಪಿ ಬಿದ್ದಳು, ಬದುಕಿಕೊಂಡಳು, ಪುಣ್ಯ. ಅವಳ ಮಗ ಬಂದು ಕೂಗಾಡಿದಾಗ ಭಾವ ತಂಗಿಯನ್ನು ಕೌಂಟರಿನ ಮುಂದೆ ಎಲ್ಲರ ಎದುರು ನಿಲ್ಲಿಸಿ, ತಪ್ಪೆಲ್ಲ ಇವಳ ಪ್ರೋಗ್ರಾಮಿನದು, ಹೆಂಡತಿಯ ತಂಗಿ ಅಂತ ಕೆಲಸ ಕೊಟ್ಟು ಕೆಟ್ಟೆ ಎಂದು ಹೇಳಿ ಅವತ್ತೇ ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಸುದ್ದಿ ಅವಳಿಗಿಂತ ಮುಂಚೆ ಊರಿನ ಎಲ್ಲ ಆಸ್ಪತ್ರೆಗಳಿಗೂ ತಲುಪಿತ್ತು, ಯಾರೂ ಅವಳಿಗೆ ಕೆಲಸ ಕೊಡಲಿಲ್ಲ. ಅವತ್ತು ಕೌಂಟರಿನ ಹಿಂದೆ ಕೂತಿದ್ದ ಅಕ್ಕ ತಲೆ ಎತ್ತಿರಲಿಲ್ಲ. ಗಂಡನ ಎದುರು ಪಾಪ ಅವಳೇನು ಮಾತಾಡ್ತಾಳೆ ಎಂದು ತಂಗಿ ಅಕ್ಕನನ್ನು ಕ್ಷಮಿಸಿದ್ದಳು. ಭಾವನ ಮೇಲೆ ಮಾತ್ರ ಅಂದಿನಿಂದ ಹಲ್ಲು ಮಸೆಯುತ್ತಲೇ ಇದ್ದಳು.

ಈಗ ಲ್ಯಾಬಿಗೆ ಎರಡನೇ ಯಂತ್ರ ಬಂದು ಕೆಲಸ ಹೆಚ್ಚಿದ ಮೇಲೆ, ಮೊದಲು ಅಪರೂಪಕ್ಕೊಮ್ಮೆ ಕಾಡುತ್ತಿದ್ದ ರೋಗ ದಿನಾ ಬೆಳಗ್ಗೆ ಕಾಡತೊಡಗಿತ್ತು. ಬಂದ ರಿಪೇರಿಯವರೆಲ್ಲ ಆ ಹೊತ್ತಿಗೆ ಎಬ್ಬಿಸಿ, ದುಡ್ಡು ಎಣಿಸಿಕೊಂಡು ಹೋದರು. ಬೇರೆ ದಾರಿ ಕಾಣದೆ ಭಾವನೇ ಫೋನ್ ಮಾಡಿದರು. ಬರುತ್ತೇನೆ, ಆದರೆ ತಪ್ಪು ನನ್ನದಲ್ಲ ಅಂತಾದರೆ ಅವತ್ತು ಎಲ್ಲರ ಎದುರು ಆಡಿದ ಮಾತನ್ನು ಎಲ್ಲರ ಎದುರೇ ನುಂಗಬೇಕು ಎಂದಳು ತಂಗಿ. ಫೋನಿನ ಆ ಕಡೆ ಅಕ್ಕ, ಅವಳು ಬೇಡ, ಬೇರೆ ಯಾರನ್ನಾದರೂ ಕರೆಸಿ ಎನ್ನುತ್ತಿದ್ದದ್ದು ಕೇಳಿಸಿತು. ತನಗೆ ಇನ್ನೊಂದು ಅವಮಾನ ತಪ್ಪಿಸಲು ನೋಡುತ್ತಿದ್ದಾಳೆ, ಪಾಪ ಎಂದುಕೊಂಡಿದ್ದಳು ತಂಗಿ.

ಕಾರಣ ಸಿಕ್ಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಜೆ ಕಂಪ್ಯೂಟರ್ ಮುಚ್ಚುವಾಗ ಈ ಪ್ರೋಗ್ರಾಮು ದಿನದ ಅಂಕಿಗಳನ್ನು ಡಿಸ್ಕಿಗೆ ಬರೆದು, ಯಂತ್ರದ ಅಂಕಿಗಳೊಂದಿಗೆ ತಾಳೆ ನೋಡಿ, ಕೊನೆಗೆ 'ಒಳಗಿದ್ದೇನೆ' ಎಂದು ತಾನು ಇಟ್ಟಿದ್ದ ಗುರುತನ್ನು ಅಳಿಸಿ ಹೋಗಬೇಕು. ಅದಕ್ಕೆ ಅವಳು ಧಾರಾಳವಾಗಿ ಕೆಲವು ನಿಮಿಷ ಕೊಟ್ಟಿದ್ದಳು. ಯಾರೋ ಆ ಗಡುವನ್ನು ಎರಡು ಸೆಕೆಂಡಿಗೆ ಇಳಿಸಿದ್ದರು. ಕೆಲಸ ಮುಗಿದಿರಲಿ ಬಿಡಲಿ, ಎರಡು ಸೆಕೆಂಡಾದ ಕೂಡಲೇ ಸಿಸ್ಟಮ್ಮು ಅದರ ಕತ್ತು ಹಿಚುಕುತ್ತಿತ್ತು. ಕೆಲಸ ಹೆಚ್ಚಿದ್ದ ದಿನ ಅಂಕಿ ಅರ್ಧಕ್ಕೇ ನಿಂತು, ಮರುದಿನ ಇನ್ನೊಬ್ಬರ ಅಂಕಿಗೆ ಅಂಟಿಕೊಳ್ಳುತ್ತಿತ್ತು. ಗುರುತೂ ಹಾಗೇ ಉಳಿಯುತ್ತಿತ್ತು, ಬಚ್ಚಲಮನೆಗೆ ಒಳಗಿಂದ ಚಿಲಕ ಹಾಕಿ ಕಿಟಕಿಯಿಂದ ಹಾರಿ ಹೋದ ಹಾಗೆ. ಬೆಳಗ್ಗೆ ಬಂದು ಬಾಗಿಲು ಬಡಿದರೆ ತೆಗೆಯುವವರು ಯಾರು?

ಬದಲಾವಣೆ ಆದದ್ದು ಅಜ್ಜಿ ಬೀಳುವ ಹಿಂದಿನ ವಾರ. ತಂಗಿಗೆ ಹಬ್ಬವೇ ಆಯಿತು. ಮನೆಗೆ ಹೋಗುವ ಆತುರದಲ್ಲಿ ಕಂಪ್ಯೂಟರನ್ನು ಬೈಯುತ್ತಿದ್ದವರು ಭಾವ ತಾನೆ? ಯಾರ ಲಾಗಿನ್ನಿನಿಂದ ಬದಲಾಗಿದೆ ಎಂದು ನೋಡುವುದು ಒಂದು ಸಾಲಿನ ಕೆಲಸ. ಆದರೆ ಆ ರುಚಿಯನ್ನು ಒಬ್ಬಳೇ ಸವಿಯಲು ಮನಸ್ಸಾಗಲಿಲ್ಲ.

"ಭಾವ, ಎಲ್ಲರನ್ನೂ ಕರೀರಿ," ಎಂದಳು.

ರಕ್ತ ತೆಗೆಯುವ ನರ್ಸ್, ಟೆಕ್ನಿಷಿಯನ್, ನೆಲ ಒರೆಸುವಾಕೆ ಬಂದು ನಿಂತರು. ಕೊನೆಗೆ ಅಕ್ಕ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ತಂಗಿ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಭಾವ ಕೇಳುತ್ತ ಕೇಳುತ್ತ ಕುರ್ಚಿಯ ಬೆನ್ನಿನಿಂದ ಕೈ ತೆಗೆದರು. ಕೊಟ್ಟ ಮಾತಿಗೆ ತಪ್ಪಲಿಲ್ಲ ಆ ಮನುಷ್ಯ: ಅವತ್ತಿನ ತಪ್ಪು ಇವಳದಲ್ಲ, ನಾನು ಅಂದದ್ದು ತಪ್ಪು ಎಂದು ಒಬ್ಬೊಬ್ಬರ ಮುಖ ನೋಡಿ ಹೇಳಿದರು. ಎರಡು ವರ್ಷ ಕಾದ ಮಾತು. ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ಆದರೆ ಒಡಲ ಕಿಚ್ಚು ಅಷ್ಟಕ್ಕೆ ಆರುವಂಥದ್ದಲ್ಲ.

"ಬದಲಾಯಿಸಿದ್ದು ಯಾರು ಅಂತಾನೂ ನೋಡೇಬಿಡೋಣ," ಎಂದು ತಂಗಿ ಆ ಒಂದು ಸಾಲನ್ನು ಒತ್ತಿದಳು.

ಪರದೆಯ ಮೇಲೆ ಬಂದ ಹೆಸರು: ಗುಬ್ಬಿ.

"ಯಾರದು ಗುಬ್ಬಿ?" ಎಂದರು ಭಾವ. ಟೆಕ್ನಿಷಿಯನ್ ತಲೆಯಾಡಿಸಿದ, ಗೊತ್ತಿಲ್ಲ. ನರ್ಸಿಗೂ ಗೊತ್ತಿರಲಿಲ್ಲ.

ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ. ಅಪ್ಪ ಅಕ್ಕನನ್ನು ಕರೆಯುತ್ತಿದ್ದ ಹೆಸರು ಅದು. ಅಪ್ಪ ಹೋದ ಮೇಲೆ ಯಾರ ಬಾಯಲ್ಲೂ ಬಂದಿರಲಿಲ್ಲ. ತಮಾಷೆಗೆ ಆ ಹೆಸರಿನಲ್ಲಿ ಅಕ್ಕನಿಗೊಂದು ಲಾಗಿನ್ ಮಾಡಿಕೊಟ್ಟವಳು ತಂಗಿಯೇ. ನಾನಿಲ್ಲದಾಗ ಏನಾದರೂ ಕೆಟ್ಟರೆ ಇಲ್ಲಿ ನೋಡು ಎಂದು ಗಡುವಿನ ಫೈಲನ್ನು ತೋರಿಸಿಕೊಟ್ಟವಳೂ ಅವಳೇ. ಅಕ್ಕ ಹೆಗಲ ಮೇಲಿನ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ.

"ಅಕ್ಕನ್ನ ಕೇಳಿ ಭಾವ," ಎಂದಳು ತಂಗಿ. "ಅವಳಿಗೆ ಗೊತ್ತಿದ್ರೂ ಇರಬಹುದು."

ಎಲ್ಲರೂ ತಿರುಗಿ ನೋಡಿದರು. ಅಕ್ಕ ಪರದೆಯನ್ನು ನೋಡಿದಳು, ತಂಗಿಯನ್ನು ನೋಡಲಿಲ್ಲ.

"ನಂಗೊತ್ತಿಲ್ಲ," ಎಂದಳು. "ಆ ಹೆಸರಿನೋರು ಯಾರೂ ಇಲ್ಲ ಇಲ್ಲಿ."

ತಂಗಿ ಪರದೆಯ ಕಡೆ ತಿರುಗಿದಳು. ಗುರುತನ್ನು ಅಳಿಸಿದಳು, ಗಡುವನ್ನು ಮೊದಲಿನಂತೆ ಮಾಡಿದಳು, ಪ್ರೋಗ್ರಾಮು ಎದ್ದು ರಿಪೋರ್ಟುಗಳನ್ನು ಉದುರಿಸತೊಡಗಿತು. ಇನ್ನು ಮೇಲೆ ಸಂಜೆ ಕಂಪ್ಯೂಟರನ್ನು ಒಬ್ಬರೇ ಮುಚ್ಚಬೇಕು, ಪೂರ್ತಿ ನಿಲ್ಲುವ ತನಕ ಎದುರಿಗೇ ಕೂತಿರಬೇಕು, ಆ ಕೆಲಸ ಅಕ್ಕನಿಗೇ ಇರಲಿ ಎಂದಳು. ಭಾವ ಒಪ್ಪಿದರು. ಅಕ್ಕ ಬೇಡ ಎನ್ನಲಿಲ್ಲ. ಎನ್ನಲು ಬಾಯಿ ಎಲ್ಲಿತ್ತು? ಏಳುವ ಮುಂಚೆ ತಂಗಿ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದಳು.

ಸಂಜೆ ಉಳಿದವರೆಲ್ಲ ಹೋಗಿ ಇಬ್ಬರೇ ಆದ ಮೇಲೆ ಅಕ್ಕ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

"ಆಗ ನಾನು ಹೋಗೋದು ಲೇಟಾದ್ರೆ ಪಾಪೂನ ನೋಡ್ಕೊಳ್ಳೋರು ಬಾಗಿಲು ಹಾಕಿಬಿಡ್ತಿದ್ರು ಕಣೇ," ಎಂದಳು, ಪರದೆಗೆ ಹೇಳುವಂತೆ. "ಪಾಪು ಮೆಟ್ಟಿಲ ಮೇಲೆ ಕೂತಿರ್ತಿತ್ತು. ಇದು ನೋಡಿದ್ರೆ ನಿಲ್ತಾನೇ ಇರ್ಲಿಲ್ಲ. ಅಷ್ಟೆಲ್ಲ ಆಗತ್ತೆ ಅಂತ ನಂಗೇನು ಗೊತ್ತು. ಹೇಳಬೇಕು ಅಂದ್ಕೊಂಡೆ ನಿಂಗೆ."

"ಯಾವಾಗ?" ಎಂದಳು ತಂಗಿ.

ಅಕ್ಕ ಮುಚ್ಚುವ ಗುಂಡಿ ಒತ್ತಿದಳು. ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಕೋಣೆಯ ಗಾಜಿನ ಬಾಗಿಲನ್ನು ಎಳೆದುಕೊಂಡಳು. ಹೋಗಬೇಕಾದವಳು ಅಲ್ಲೇ ನಿಂತಳು.

ಒಳಗೆ ಪರದೆ ಕಪ್ಪಾಗಿ, ಅದರ ಮೇಲೆ ಬಿಳಿಯ ಅಕ್ಷರದಲ್ಲಿ ಒಂದು ಸಾಲು ಮೂಡಿತು: ಗುಬ್ಬಿ, ಇನ್ನೂ ಮುಗಿದಿಲ್ಲ. ಅಕ್ಕನ ಕೈ ಚೀಲದ ಹಿಡಿಯನ್ನು ಹಿಡಿಯಿತು, ಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಅದೇ ಸಾಲು ಕೆಳಗೆ ಇನ್ನೊಮ್ಮೆ ಮೂಡಿತು. ಅಕ್ಕ ಏಳಲಿಲ್ಲ.