ಉಂಡ ಮಣ್ಣು

ಗಾಳಿಯೇ ಇಲ್ಲ, ಆದರೂ ಆ ಹುಲ್ಲು ಅಲುಗುತ್ತಿದೆ, ಅಲುಗಿತೋ ಅಥವಾ ಕಣ್ಣಿಗೇ ಮಂಜು ಕವಿದಿದೆಯೋ, ರೂಲ್ಫೀನ್ ಬೂಟಿನ ತುದಿಯಿಂದ ನೆಲ ಕೆದಕಿದಳು — ಕಪ್ಪು ಮಣ್ಣು, ಕೊಬ್ಬಿದ ಮಣ್ಣು, ಡ್ರೆಂಟೆ ಸೀಮೆಯ ಈ ಬಡ ಬಯಲಿಗೆ ಇಷ್ಟು ಕೊಬ್ಬು ಎಲ್ಲಿಂದ ಬರಬೇಕು, ಸುತ್ತಲಿನ ಕೊಟ್ಟಿಗೆಗಳ ಗೊಬ್ಬರದ ಗಾಳಿ ಮಳೆಯಲ್ಲಿ ಇಳಿಯುತ್ತದೆ, ನಿಜ, ಅದರಿಂದಲೇ ನೇರಳೆ ಹೂವಿನ ಹೀದರ್ ಪೊದೆಗಳು ಸತ್ತು ಹುಲ್ಲು ಹತ್ತಿದ್ದು, ಅದಕ್ಕೇ ಮೇಲ್ಮಣ್ಣು ಕೆರೆಯುವ ಯಂತ್ರ ಬಂದಿರುವುದು, ಆದರೆ ಈ ಒಂದು ತುಣುಕಿನಲ್ಲಿರುವುದು ಅಪ್ಪ, ಅಪ್ಪನ ಬೂದಿ. ಕುರಿ ಕಾಯುತ್ತ ಇಲ್ಲೇ ಮುದುಕನಾದ ಲಾಮರ್ಟ್, ಹೀದರ್‌ಗೆ ಉಂಡ ಮಣ್ಣು ಆಗಲ್ಲ ಕಣೇ, ಹಸಿದ ಮಣ್ಣೇ ಬೇಕು, ಒಂದು ಹಿಡಿ ಗೊಬ್ಬರ ಬಿದ್ರೂ ಮುನಿಸ್ಕೊಳ್ಳುತ್ತೆ ಎಂದು ಬೈದು ಬೈದು ಕಲಿಸಿದವನು, ಸಾಯುವಾಗ ನನ್ನನ್ನ ಹೀದರ್ ಮಧ್ಯದಲ್ಲೇ ಹಾಕ್ಬಿಡೇ ಅಂದ, ಹಾಕಿದಳು, ಬೂದಿಯೂ ಗೊಬ್ಬರವೇ ಎನ್ನುವುದು ಅವನಿಗೂ ಹೊಳೆಯಲಿಲ್ಲ, ಅಳುತ್ತಿದ್ದ ಅವಳಿಗೂ ಹೊಳೆಯಲಿಲ್ಲ — ಮುಂದಿನ ಬೇಸಿಗೆಗೆ ನೇರಳೆ ಹೂಗಳ ನಡುವೆ ಹಸಿರು ಎದ್ದಿತ್ತು, ಮಲಗಿದ ಮನುಷ್ಯನಷ್ಟು ಉದ್ದ, ಆಮೇಲೆ ಪಕ್ಕದಿಂದ ಒಂದು ತೋಳು, ತೋಳಿನ ತುದಿಗೆ ಬೆರಳು ಬಿಚ್ಚಿದ ಕೈ, ಅವಳ ಮನೆಯ ಕಡೆಗೇ ಚಾಚಿದ ಕೈ, ಕುರಿಗಳು ಅಲ್ಲಿ ಬಾಯಿ ಹಾಕುವುದಿಲ್ಲ, ಸುತ್ತಿಕೊಂಡು ಹೋಗುತ್ತವೆ, ಬಿಟ್ಟರೆ ಅಪ್ಪ ಬಯಲನ್ನೇ ನುಂಗುತ್ತಾನೆ, ಕೆರೆದರೆ ಅಪ್ಪನೇ ಇರುವುದಿಲ್ಲ, ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಅಂದುಕೊಂಡೇ ದಿನ ದೂಡಿದಳು.

ಯಂತ್ರದಿಂದ ವೋಲ್ಟರ್, ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವನು, ತಲೆ ಹೊರಹಾಕಿ, ಏನೇ, ನಿಮ್ಮಪ್ಪನ್ನ ಬಿಟ್ಟು ಬಳಸ್ಕೊಂಡು ಹೋಗ್ಲಾ, ಮುದುಕ ಎದ್ದು ದೊಣ್ಣೆ ಎತ್ಕೊಂಡ್ರೆ ನನ್ನ ಕೇಳ್ಬೇಡ ಅಂದ, ನಗಬೇಕಿತ್ತು, ನಗು ಬರಲಿಲ್ಲ, ಕೆರಿಯೋ, ಅಂದಳು, ದನಿ ತನ್ನದಲ್ಲ ಅನ್ನಿಸಿತು, ಯಂತ್ರದ ಹಲ್ಲು ನೆಲಕ್ಕಿಳಿಯಿತು, ಬೇರಿನ ಸಮೇತ ಸುರುಳಿಯಾಗಿ ಎದ್ದ ಅಪ್ಪ ಲಾರಿ ತುಂಬಿದ, ಯಾರದೋ ಮೆಕ್ಕೆಜೋಳದ ಹೊಲಕ್ಕೆ ಹೋಗುತ್ತಾನೆ, ಹೋಗಲಿ, ಇನ್ನು ಹೀದರ್ ಉಳಿದಿರುವ ಹಳೆಯ ಬಯಲಿನ ಮಣ್ಣು ತಂದು ಎರಚಬೇಕು, ಬೀಜ ಹಾಕಬೇಕು, ಹೀದರ್ ಬರುತ್ತದೆ, ಖಂಡಿತ ಬರುತ್ತದೆ, ಕೆಳಗೆ ಬಿಳಿ ಮರಳು, ಶುದ್ಧ, ಹಸಿದ ಮರಳು, ದೇಹದ ಗುರುತಿಲ್ಲ, ತೋಳಿಲ್ಲ — ಯಂತ್ರ ನಿಂತಿತು, ಏಯ್, ಇಲ್ಲಿ ನೋಡೇ, ವೋಲ್ಟರ್ ಈಗ ತಮಾಷೆ ಮಾಡುತ್ತಿಲ್ಲ, ಮರಳಿನ ಮೇಲೆ ಒದ್ದೆಯಾದ ಕಪ್ಪು ಕಲೆ, ಕೈ, ಅದೇ ಕೈ, ಇನ್ನೂ ಕೆಳಕ್ಕೆ ಹೋಗ್ಲಾ, ಹೇಳೇ, ಹೋಗ್ಲಾ, ಅವಳ ಬಲಗೈ ಬೆರಳುಗಳು ನೋಯುತ್ತಿವೆ, ಯಾರೋ ಬಿಗಿಯಾಗಿ ಹಿಡಿದಂತೆ, ಬಿಡಿಸಿಕೊಳ್ಳಲು ಎಳೆದಳು, ಬರಲಿಲ್ಲ, ಮರಳಿನ ಮೇಲಿನ ಬೆರಳುಗಳು ಈಗ ಬಿಚ್ಚಿಲ್ಲ, ಮಡಚಿವೆ, ಮುಚ್ಚಿದ ಕೈ, ಅಪ್ಪಾ, ಮುಚ್ಚಿದ ಕೈ —